ಸ್ಕ್ಯಾನ್‌ನಲ್ಲಿ ಪಿಸಿಓಡಿ ಅಂತ ಬಂದಿದೆ, ಮುಟ್ಟಾಗಿ 82 ದಿನ ಆಯ್ತು: ಮುದ್ದೆ ಬಿಡಬೇಕಾ, ಮಾತ್ರೆ ಶುರು ಮಾಡಬೇಕಾ?

ವಿದ್ಯಾನಗರ_ಅಕ್ಕ, ದಾವಣಗೆರೆ (ಪ್ರಶ್ನೆ)

ತಂಗಿಗೆ 22 ವರ್ಷ. ಮೈನೆರೆದಿದ್ದು 13ಕ್ಕೆ. ಎತ್ತರ 155 ಸೆಂ.ಮೀ., ತೂಕ 64 ಕೆ.ಜಿ. ಎರಡು ವರ್ಷದಿಂದ ಮುಟ್ಟು 50ರಿಂದ 70 ದಿನಕ್ಕೊಮ್ಮೆ ಆಗ್ತಿತ್ತು, ಈ ಸಲ 82 ದಿನ ಆದ್ರೂ ಇಲ್ಲ. ಗದ್ದದ ಕೆಳಗೆ ದಪ್ಪ ಕೂದಲು, ಕುತ್ತಿಗೆ ಹಿಂದೆ ಕಪ್ಪು. ಹೊಟ್ಟೆ ಸ್ಕ್ಯಾನ್‌ನಲ್ಲಿ ಎರಡೂ ಅಂಡಾಶಯ ದಪ್ಪ ಆಗಿವೆ, ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಸಾಲಾಗಿವೆ ಅಂತ ಬರೆದಿದ್ದಾರೆ. ಥೈರಾಯ್ಡ್ ನಾರ್ಮಲ್. ಡಾಕ್ಟ್ರು ಸಕ್ಕರೆ ಕಾಯಿಲೆಗೂ ಕೊಡೋ ಮೆಟ್‌ಫಾರ್ಮಿನ್ 500 ಮಾತ್ರೆ ಬರೆದುಕೊಟ್ಟು ತೂಕ ಇಳಿಸಿ ಅಂದ್ರು, ಇನ್ನೂ ಶುರು ಮಾಡಿಲ್ಲ.

ಕೇಳಬೇಕಿರೋದು: ಆ ಗುಳ್ಳೆಗಳು ಕರಗ್ತಾವಾ? ಮುಟ್ಟು ತಾನಾಗಿ ಬರಲಿ ಅಂತ ಕಾಯಬಹುದಾ? ಅನ್ನ, ಮುದ್ದೆ ಎರಡೂ ಬಿಡಿಸಿ ಅಂತ ಪಕ್ಕದ ಮನೆಯವರು ಹೇಳ್ತಿದ್ದಾರೆ, ಹೌದಾ? ಲ್ಯಾಬಿನವರು ಉದ್ದನೆಯ ‘ಹಾರ್ಮೋನ್ ಪ್ಯಾಕೇಜ್’ ಪಟ್ಟಿ ಕೊಟ್ಟಿದ್ದಾರೆ, ಅದರಲ್ಲಿ ನಿಜವಾಗಿ ಬೇಕಾದ್ದು ಯಾವುದು? ನಮ್ಮನೇಲಿ ಸಸ್ಯಾಹಾರ, ಮೊಟ್ಟೆ ಕೂಡ ಇಲ್ಲ.

---

ಲ್ಯಾಬ್_ಕಿಟಕಿ, ದಾವಣಗೆರೆ

ಪಿಸಿಓಡಿ ಅಂದ್ರೆ ಸಣ್ಣದು, ಪಿಸಿಓಎಸ್ ಅಂದ್ರೆ ದೊಡ್ಡದು ಅಂತ ಯಾರೋ ಹಬ್ಬಿಸಿದ್ದಾರೆ. ಎರಡೂ ಒಂದೇ ತೊಂದರೆಯ ಹೆಸರು: ಹಾರ್ಮೋನ್ ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆ ಆಗದೇ ಇರೋದು. ಆ ಹೆಸರಲ್ಲಿರೋ ‘ಸಿಸ್ಟ್’, ಅಂದರೆ ‘ಗುಳ್ಳೆ’ ಅನ್ನೋ ಪದವೇ ದಾರಿ ತಪ್ಪಿಸೋದು. ಅವು ನೀರುಗುಳ್ಳೆ ಅಲ್ಲ, ಗೆಡ್ಡೆನೂ ಅಲ್ಲ. ಬೆಳೆಯೋಕೆ ಶುರು ಮಾಡಿ ಅರ್ಧಕ್ಕೇ ನಿಂತ ಅಂಡದ ಚೀಲಗಳು, ಒಂದೊಂದು 2ರಿಂದ 9 ಮಿ.ಮೀ. ಹಾಲುಗಾಳಲ್ಲೇ ನಿಂತುಬಿಟ್ಟ ಮೆಕ್ಕೆಜೋಳದ ತೆನೆ ನೆನೆಸಿಕೊಳ್ಳಿ. ಕರಗಿಸೋಕೆ, ತೆಗೆಸೋಕೆ ಅಲ್ಲಿ ಏನೂ ಇಲ್ಲ. ಹಾಗಾಗಿ ಆರು ತಿಂಗಳಿಗೊಮ್ಮೆ ‘ಗುಳ್ಳೆ ಕಡಿಮೆ ಆಯ್ತಾ’ ಅಂತ ಸ್ಕ್ಯಾನ್ ಮಾಡಿಸೋದು ದಂಡ. ನೋಡಬೇಕಾದ್ದು ಗೋಡೆ ಮೇಲಿನ ಕ್ಯಾಲೆಂಡರ್ ಮತ್ತು ರಕ್ತದ ಸಕ್ಕರೆ.

ಕಾಯಿಲೆ ಹೌದೋ ಅಲ್ಲವೋ ಅಂತ ತೀರ್ಮಾನಿಸೋಕೆ 2003ರ ರಾಟರ್‌ಡ್ಯಾಮ್ ಮಾನದಂಡ ಇದೆ, 2023ರ ಅಂತರರಾಷ್ಟ್ರೀಯ ಮಾರ್ಗಸೂಚಿನೂ ಅದನ್ನೇ ತುಸು ತಿದ್ದಿ ಇಟ್ಟುಕೊಂಡಿದೆ. ಮೂರರಲ್ಲಿ ಎರಡು ಇರಬೇಕು: ಮುಟ್ಟು ಏರುಪೇರು (21 ದಿನಕ್ಕಿಂತ ಬೇಗ, 35 ದಿನಕ್ಕಿಂತ ತಡ, ಅಥವಾ ವರ್ಷಕ್ಕೆ 8ಕ್ಕಿಂತ ಕಡಿಮೆ), ಗಂಡಸರ ಹಾರ್ಮೋನ್ ಜಾಸ್ತಿ ಇರೋ ಗುರುತು, ಅದು ಮುಖದ ಕೂದಲಾಗಿಯಾದರೂ ಕಾಣಲಿ, ರಕ್ತದಲ್ಲಾದರೂ ಸಿಗಲಿ, ಮೂರನೇದು ಸ್ಕ್ಯಾನ್. ನಿಮ್ಮ ತಂಗಿಗೆ ಮೊದಲ ಎರಡೂ ಇವೆ. ಅಂದರೆ ಸ್ಕ್ಯಾನ್ ಇಲ್ಲದೇ ಹೋಗಿದ್ದರೂ ನಡೀತಿತ್ತು. ಇಷ್ಟಾದಮೇಲೆ ಎಎಂಎಚ್ (ಅಂಡದ ಚೀಲಗಳಿಂದ ಬರೋ ಹಾರ್ಮೋನ್) ಪರೀಕ್ಷೆಗೆ ದುಡ್ಡು ಹಾಕಬೇಡಿ, ಅದು ಸ್ಕ್ಯಾನ್‌ಗೆ ಬದಲಿ ಅಷ್ಟೇ. ಹೈಸ್ಕೂಲು, ಪಿಯುಸಿ ಹುಡುಗಿಯರ ತಾಯಂದಿರು ಇದನ್ನ ಓದ್ತಿದ್ದರೆ: ಮೈನೆರೆದು 8 ವರ್ಷ ಆಗೋವರೆಗೂ ಸ್ಕ್ಯಾನ್ ನೋಡಿ ಪಿಸಿಓಎಸ್ ಅನ್ನೋ ಹಾಗಿಲ್ಲ. ಆ ವಯಸ್ಸಿನ ಆರೋಗ್ಯವಂತ ಅಂಡಾಶಯನೂ ಹಾಗೇ ಕಾಣುತ್ತೆ.

ಪ್ಯಾಕೇಜ್ ಪಟ್ಟಿಯಲ್ಲಿ ಎಲ್‌ಎಚ್-ಎಫ್‌ಎಸ್‌ಎಚ್ (ಅಂಡಾಶಯವನ್ನ ನಡೆಸೋ ಎರಡು ಹಾರ್ಮೋನ್) ಅನುಪಾತ, ಖಾಲಿ ಹೊಟ್ಟೆ ಇನ್ಸುಲಿನ್ ಎರಡನ್ನೂ ಹೊಡೆದುಹಾಕಿ. ಅವುಗಳಿಂದ ಚಿಕಿತ್ಸೆ ಬದಲಾಗಲ್ಲ. ಉಳಿಸಿಕೊಳ್ಳಬೇಕಾದ್ದು ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನ್), 17-ಹೈಡ್ರಾಕ್ಸಿ ಪ್ರೊಜೆಸ್ಟರಾನ್ (ಅಡ್ರಿನಲ್ ಗ್ರಂಥಿಯ ದೋಷ ಹಿಡಿಯೋ ಪರೀಕ್ಷೆ), ಟೆಸ್ಟೋಸ್ಟಿರಾನ್ (ಗಂಡಸರ ಹಾರ್ಮೋನ್) ಮತ್ತು ಅದರ ಜೊತೆ ಎಸ್‌ಎಚ್‌ಬಿಜಿ (ಆ ಹಾರ್ಮೋನನ್ನ ಹಿಡಿದಿಡೋ ಪ್ರೋಟೀನ್). ಇವು ಇದೇ ಲಕ್ಷಣ ತೋರಿಸೋ ಬೇರೆ ಕಾಯಿಲೆಗಳನ್ನ ಬದಿಗಿಡೋಕೆ. ಮುಟ್ಟಾದ 2ರಿಂದ 5ನೇ ದಿನದೊಳಗೆ, ಬೆಳಗ್ಗೆ ಬೇಗ ರಕ್ತ ಕೊಡಬೇಕು. 17-ಹೈಡ್ರಾಕ್ಸಿ ಅನ್ನೋದು ಅಂಡ ಬಿಡುಗಡೆ ಆದಮೇಲೆ ಸುಮ್ಮನೇ ಏರಿರುತ್ತೆ. ಆಗ ಪರೀಕ್ಷೆ ಮಾಡಿಸಿದರೆ ಇಲ್ಲದ ಕಾಯಿಲೆಯ ಹಿಂದೆ ಅಲೆದಾಟ. ಗರ್ಭನಿರೋಧಕ ಮಾತ್ರೆ ನುಂಗುತ್ತಿರೋರ ಟೆಸ್ಟೋಸ್ಟಿರಾನ್ ಮಟ್ಟವೂ ನಂಬೋಕಾಗಲ್ಲ, ನಿಲ್ಲಿಸಿ ಮೂರು ತಿಂಗಳಾದರೂ ಆಗಿರಬೇಕು.

ಇನ್ನು ಸಕ್ಕರೆ. ಇದನ್ನ ಮಾತ್ರ ಬಿಡಬೇಡಿ. ಕುತ್ತಿಗೆಯ ಕಪ್ಪು ಇನ್ಸುಲಿನ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅನ್ನೋದರ ಗುರುತು, ಅದು ಕೊಳೆ ಅಲ್ಲ. ಬರೀ ಫಾಸ್ಟಿಂಗ್ ನೋಡಿದರೆ ಸಾಲದು, ಪಿಸಿಓಎಸ್‌ನಲ್ಲಿ ಎಷ್ಟೋ ಜನರಿಗೆ ಫಾಸ್ಟಿಂಗ್ ಚೆನ್ನಾಗಿದ್ದು ಎರಡು ಗಂಟೆಯದ್ದು ಏರಿರುತ್ತೆ. ಮಾಡಿಸಬೇಕಾದ್ದು 75 ಗ್ರಾಂ ಗ್ಲೂಕೋಸ್ ಪರೀಕ್ಷೆ. ಹಿಂದಿನ ಮೂರು ದಿನ ಮಾಮೂಲಿ ಊಟ ಮಾಡಬೇಕು, ಪರೀಕ್ಷೆ ಇದೆ ಅಂತ ಅನ್ನ ಬಿಟ್ಟು ಹೋದರೆ ಲೆಕ್ಕ ತಪ್ಪುತ್ತೆ. ರಾತ್ರಿ 8ರಿಂದ 12 ಗಂಟೆ ಉಪವಾಸ, ನೀರು ಕುಡಿಯಬಹುದು. ಗ್ಲೂಕೋಸನ್ನ 250-300 ಮಿ.ಲೀ. ನೀರಲ್ಲಿ ಕಲಸಿ 5 ನಿಮಿಷದೊಳಗೆ ಕುಡಿದು ಮುಗಿಸಬೇಕು. ಆಮೇಲೆ ಎರಡು ಗಂಟೆ ಅಲ್ಲೇ ಕೂರಬೇಕು. ಓಡಾಡಿದರೂ ತಪ್ಪು, ವಾಂತಿ ಆದರೂ ತಪ್ಪು, ಇನ್ನೊಂದು ದಿನ ಮಾಡಿಸೋದೇ. ನಮ್ಮೂರಲ್ಲಿ ನಡೆಯೋ ಇನ್ನೊಂದು ಎಡವಟ್ಟು: ಫಾಸ್ಟಿಂಗ್ ಕೊಟ್ಟು, ಎದುರಿಗಿರೋ ಹೋಟೆಲಲ್ಲಿ ಬೆಣ್ಣೆದೋಸೆ ತಿಂದು ಬಂದು ಎರಡನೇ ರಕ್ತ ಕೊಡೋದು. ಅದು ಬೇರೆಯೇ ಪರೀಕ್ಷೆ, ಇದರ ಅಳತೆಗೋಲು ಅದಕ್ಕೆ ಹೊಂದಲ್ಲ.

ಫಾಸ್ಟಿಂಗ್ 100ರಿಂದ 125, ಅಥವಾ ಎರಡು ಗಂಟೆಯದ್ದು 140ರಿಂದ 199 ಬಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದಾರೆ ಅಂತ ಅರ್ಥ. 126, 200 ದಾಟಿದರೆ ಹೊಸ್ತಿಲು ದಾಟಿದ ಹಾಗೆ. ಬದಲಿಗೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) ಸಾಕು ಅಂತ ಯಾರಾದರೂ ಅಂದರೆ ಮೊದಲು ಹಿಮೋಗ್ಲೋಬಿನ್ ನೋಡಿಸಿ. ಕಬ್ಬಿಣದ ಕೊರತೆ ಇದ್ದರೆ ಎಚ್‌ಬಿಎ1ಸಿ ಇರೋದಕ್ಕಿಂತ ಜಾಸ್ತಿ ತೋರಿಸುತ್ತೆ. ಎಲ್ಲ ಸರಿ ಬಂದರೂ 1ರಿಂದ 3 ವರ್ಷಕ್ಕೊಮ್ಮೆ ಮತ್ತೆ ಮಾಡಿಸಬೇಕು. ಬಿಪಿ ವರ್ಷಕ್ಕೊಮ್ಮೆ, ಕೊಲೆಸ್ಟರಾಲ್ ಈಗ ಒಮ್ಮೆ.

ದನಿ ಗಂಡಸಿನಂತೆ ಒಡೆಯೋದು, ಮೂರ್ನಾಲ್ಕು ತಿಂಗಳಲ್ಲೇ ಗಡ್ಡ ದಟ್ಟ ಆಗೋದು ಇದ್ದರೆ ಅದು ಪಿಸಿಓಎಸ್ ನಡೆ ಅಲ್ಲ. ತಡ ಮಾಡದೆ ತೋರಿಸಬೇಕು.

---

ದುರ್ಗದ_ಔಷಧಿಯಂಗಡಿ, ಚಿತ್ರದುರ್ಗ

82 ದಿನದ ಪ್ರಶ್ನೆಗೆ ಉತ್ತರ: ಕಾಯಬೇಡಿ, ಈ ವಾರವೇ ಡಾಕ್ಟರ ಹತ್ತಿರ ಹೋಗಿ. ಯಾಕೆ ಅಂತ ಹೇಳ್ತೀನಿ. ಅಂಡ ಬಿಡುಗಡೆ ಆದಾಗ ಮಾತ್ರ ಪ್ರೊಜೆಸ್ಟರಾನ್ ಬರುತ್ತೆ. ಅದು ಬಂದು ಹೋದಮೇಲೇ ಗರ್ಭಕೋಶದ ಒಳಪದರ ಕಳಚಿ ಮುಟ್ಟಾಗೋದು. ಅಂಡ ಬರದೇ ಇದ್ದರೆ ಈಸ್ಟ್ರೋಜನ್ ಒಂದೇ ಕೆಲಸ ಮಾಡ್ತಾ ಇರುತ್ತೆ, ಹಳೇ ಸುಣ್ಣ ಕೆರೆಯದೆ ಮೇಲೆ ಮೇಲೆ ಬಳಿದ ಹಾಗೆ ಪದರ ದಪ್ಪ ಆಗ್ತಾ ಹೋಗುತ್ತೆ. ಕೊನೆಗೊಂದಿನ ಒಡೆದಾಗ ವಿಪರೀತ ಸ್ರಾವ. ವರ್ಷಗಟ್ಟಲೆ ಹೀಗೇ ಬಿಟ್ಟರೆ ಒಳಪದರದ ಕ್ಯಾನ್ಸರ್ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು. 22ನೇ ವಯಸ್ಸಿಗೆ ಹೆದರುವಂಥದ್ದಲ್ಲ, ಆದರೆ 90 ದಿನದ ಗೆರೆ ದಾಟಿಸಬಾರದು ಅನ್ನೋ ಲೆಕ್ಕ ಹುಟ್ಟಿದ್ದೇ ಇದರಿಂದ.

ಆ ಪದರ ಕಳಚಿಸೋಕೆ ಸಾಮಾನ್ಯವಾಗಿ ಬರೆಯೋದು ಮೆಡ್ರಾಕ್ಸಿ ಪ್ರೊಜೆಸ್ಟರಾನ್ 10 ಮಿ.ಗ್ರಾಂ, ದಿನಕ್ಕೊಂದು, 10 ದಿನ. ಅದಕ್ಕೂ ಮೊದಲು ಮೂತ್ರದಲ್ಲಿ ಗರ್ಭಪರೀಕ್ಷೆ ಮಾಡಿಸ್ತಾರೆ. ಮದುವೆ ಆಗಿಲ್ಲ ಅಂತ ಮನೆಯವರು ಬೇಜಾರು ಮಾಡಿಕೊಳ್ಳೋದು ಬೇಡ, ಮುಟ್ಟು ನಿಂತ ಎಲ್ಲರಿಗೂ ಇದೇ ಕ್ರಮ. ಮಾತ್ರೆ ಮುಗಿದು ಒಂದು ವಾರದೊಳಗೆ ಸ್ರಾವ ಆಗಬೇಕು. ಆಗಲಿಲ್ಲ ಅಂದರೆ ಇನ್ನೊಂದು ಪಟ್ಟಿ ಕೊಂಡು ನುಂಗೋದಲ್ಲ, ಡಾಕ್ಟರಿಗೆ ಹೇಳಬೇಕು. ಮಾತ್ರೆ ನುಂಗುವಾಗಲೇ ಸ್ರಾವ ಶುರುವಾದರೆ ಎಷ್ಟು ದಿನ ಮುಂದುವರಿಸಬೇಕು ಅಂತ ಹೋದಾಗಲೇ ಕೇಳಿಟ್ಟುಕೊಳ್ಳಿ. ಫೋನ್ ಮಾಡಿ ನಮ್ಮಂಥ ಅಂಗಡಿಯವರನ್ನ ಕೇಳೋ ವಿಷಯ ಅಲ್ಲ ಅದು. ಲ್ಯಾಬ್_ಕಿಟಕಿಯವರು ಹೇಳಿದ 2ರಿಂದ 5ನೇ ದಿನದ ರಕ್ತಪರೀಕ್ಷೆಯನ್ನ ಇದೇ ಸ್ರಾವದಲ್ಲಿ ಮುಗಿಸಿಬಿಡಬಹುದು.

ಮುಟ್ಟು ಮುಂದೂಡೋ ಮಾತ್ರೆ ಬಗ್ಗೆ ಒಂದು ಮಾತು. ದುಗ್ಗಮ್ಮನ ಜಾತ್ರೆಗೋ ಗೃಹಪ್ರವೇಶಕ್ಕೋ ಅಂತ ನಾರ್ಎಥಿಸ್ಟರಾನ್ ತಗೊಂಡು, ನಿಲ್ಲಿಸಿದಮೇಲೆ ಬಂದ ಸ್ರಾವವನ್ನ ‘ಈ ತಿಂಗಳು ಸರಿಯಾಗಿ ಆಯ್ತು’ ಅಂತ ಕ್ಯಾಲೆಂಡರಲ್ಲಿ ಬರೆದುಕೊಳ್ತಾರೆ. ಅದು ಮಾತ್ರೆ ತಂದ ಸ್ರಾವ, ಅಂಡ ಬಂದದ್ದಲ್ಲ. ತಾನಾಗಿ ಬಂದದ್ದು ಕೆಂಪು ಪೆನ್ನಲ್ಲಿ, ಮಾತ್ರೆಯಿಂದ ಬಂದದ್ದು ನೀಲಿ ಪೆನ್ನಲ್ಲಿ ಗುರುತು ಹಾಕಿ. ಎಣಿಕೆ ಮೊದಲ ದಿನದಿಂದ ಮುಂದಿನ ಮೊದಲ ದಿನಕ್ಕೆ. ಬಟ್ಟೆಗೆ ಹತ್ತಿದ ಒಂದೆರಡು ಹನಿ ಲೆಕ್ಕಕ್ಕಿಲ್ಲ.

ಮೆಟ್‌ಫಾರ್ಮಿನ್: ಜನ ಮೂರನೇ ದಿನಕ್ಕೇ ಬಿಡೋದು ಹೊಟ್ಟೆ ತೊಳಸೋದಕ್ಕೆ, ಭೇದಿಗೆ. ಖಾಲಿ ಹೊಟ್ಟೇಲಿ ನುಂಗಿದರೆ ಹಾಗಾಗೋದು ಹೆಚ್ಚು. ರಾತ್ರಿ ಊಟದ ನಡುವೆ, ನಾಲ್ಕು ತುತ್ತು ಉಂಡು ನುಂಗಲಿ, ಮೇಲೆ ಉಳಿದ ಊಟ ಮಾಡಲಿ. 500ರಲ್ಲಿ ಒಂದೆರಡು ವಾರ ಹೊಂದಿದಮೇಲೆ ಡಾಕ್ಟ್ರು 500 ಏರಿಸ್ತಾರೆ, ಹೀಗೇ ಹಂತ ಹಂತವಾಗಿ. ತಡೀಲೇ ಇಲ್ಲ ಅಂದರೆ ನಿಧಾನವಾಗಿ ಬಿಡುಗಡೆ ಆಗೋ ಮಾತ್ರೆಗೆ ಬದಲಿಸಿಕೊಡಿ ಅಂತ ಕೇಳಿ, ಅದನ್ನ ಅಗಿಯೋದು ಪುಡಿ ಮಾಡೋದು ಬೇಡ. ಮಲದಲ್ಲಿ ಮಾತ್ರೆಯ ಸಿಪ್ಪೆ ಕಂಡರೆ ಗಾಬರಿ ಆಗಬೇಡಿ, ಔಷಧಿ ಒಳಗೇ ಇಳಿದಿರುತ್ತೆ. ಇದೊಂದರಿಂದಲೇ ಸಕ್ಕರೆ ಕುಸಿದು ತಲೆ ಸುತ್ತಿ ಬೀಳೋದು ಅಪರೂಪ. ಜೋರು ವಾಂತಿಭೇದಿ ಆಗಿ ಮೈಯಲ್ಲಿ ನೀರಿಲ್ಲದ ದಿನ ಮಾತ್ರ ನಿಲ್ಲಿಸಿ ಡಾಕ್ಟರನ್ನ ಕೇಳಬೇಕು.

ಮೊಟ್ಟೆನೂ ಇಲ್ಲದ ಮನೆ ಅಂದಿರಿ, ಅದಕ್ಕೇ ಇದು: ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡರೆ ಬಿ12 ಇಳಿಯುತ್ತೆ, ಸಸ್ಯಾಹಾರಿಗಳಿಗೆ ಮೊದಲೇ ಅದು ಕಡಿಮೆ. ಶುರು ಮಾಡುವಾಗ ಒಮ್ಮೆ, ಆಮೇಲೆ ಡಾಕ್ಟ್ರು ಹೇಳಿದ ಹಾಗೆ ನೋಡಿಸಿ. ಕೈಕಾಲು ಜೋಮು ಹಿಡಿಯೋದನ್ನ ಸುಸ್ತು ಅಂತ ತಳ್ಳಿಹಾಕಬೇಡಿ. ಮೆಟ್‌ಫಾರ್ಮಿನ್‌ನಿಂದ ಮುಟ್ಟು ದಾರಿಗೆ ಬರೋಕೆ ತಿಂಗಳುಗಳು ಬೇಕು. ಆರು ತಿಂಗಳಿಗೆ ಮುಂಚೆ ‘ಕೆಲಸ ಮಾಡ್ಲಿಲ್ಲ’ ಅನ್ನೋ ಮಾತಿಲ್ಲ.

---

ಹಿರಿಯರ_ಮಾತು

ಇಷ್ಟೆಲ್ಲ ಯಾಕ್ರೀ? ಮದುವೆ ಮಾಡ್ರಿ, ಒಂದು ಮಗು ಆದ್ರೆ ಎಲ್ಲ ತಾನೇ ಸರಿಹೋಗ್ತತಿ. ಅಲ್ಲೀತನಕ ಮೆಂತ್ಯ ನೀರು ಕುಡಿಸ್ರಿ ಸಾಕು.

---

ದುರ್ಗದ_ಔಷಧಿಯಂಗಡಿ

ಹಿರಿಯರೇ, ಮದುವೆಯಿಂದ ಇನ್ಸುಲಿನ್ ಸರಿಹೋಗಲ್ಲ. ಹೆರಿಗೆ ಆದಮೇಲೂ ಪಿಸಿಓಎಸ್ ಇದ್ದೇ ಇರುತ್ತೆ, ಬಸುರಿಯಲ್ಲಿ ಸಕ್ಕರೆ ಏರೋ ಸಾಧ್ಯತೆನೂ ಇವರಿಗೆ ಹೆಚ್ಚು. ಮಕ್ಕಳಾಗಲ್ಲ ಅನ್ನೋ ಹೆದರಿಕೆನೂ ಸುಳ್ಳೇ. ಬಹುಪಾಲು ಹೆಣ್ಣುಮಕ್ಕಳಿಗೆ ಆಗುತ್ತೆ, ಕೆಲವರಿಗೆ ಅಂಡ ಬಿಡುಗಡೆಗೆ ಮಾತ್ರೆ ಬೇಕು. ಈಗ ಮೊದಲು ಕೊಡೋದು ಲೆಟ್ರೊಜೋಲ್, ಐದು ದಿನದ ಕೋರ್ಸ್. 2011ರಲ್ಲಿ ನಮ್ಮ ದೇಶದಲ್ಲಿ ಈ ಬಳಕೆಗೆ ನಿಷೇಧ ಹಾಕಿದ್ದರು, 2017ರಲ್ಲಿ ತೆಗೆದರು. ಹಳೇ ಸುದ್ದಿ ಕೇಳಿದವರು ಇನ್ನೂ ಅನುಮಾನ ಪಡ್ತಾರೆ. ಇದಕ್ಕೆ ತಿರುಗಿದ ಮಾತೂ ನಿಜ: ಮುಟ್ಟು ಸರಿಯಿಲ್ಲ, ಹಾಗಾಗಿ ಬಸಿರಾಗಲ್ಲ ಅಂತ ಮೈಮರೆಯೋ ಹಾಗಿಲ್ಲ. ಅಂಡ ಯಾವ ದಿನ ಬೇಕಾದರೂ ಬರಬಹುದು. ಮನೇಲಿ ನೋಡೋ ಅಂಡೋತ್ಪತ್ತಿ ಪಟ್ಟಿ ಇವರಿಗೆ ಸುಳ್ಳು ಗೆರೆ ತೋರಿಸೋದುಂಟು, ಆ ಪಟ್ಟಿ ಅಳೆಯೋ ಎಲ್‌ಎಚ್ ಇವರಲ್ಲಿ ಮೊದಲೇ ಏರಿರುತ್ತಲ್ಲ.

ಮೆಂತ್ಯ ನೀರು ಕುಡಿಯಲಿ ಬಿಡಿ, ತೊಂದರೆಯಿಲ್ಲ. ‘ಸಾಕು’ ಅನ್ನೋದಷ್ಟೇ ತಪ್ಪು.

---

ತಟ್ಟೆ_ಲೆಕ್ಕ, ದಾವಣಗೆರೆ

ಊಟದ ಬಗ್ಗೆ ನಾನು ಹೇಳ್ತೀನಿ. ಪಿಸಿಓಎಸ್‌ಗೆ ಅಂತಲೇ ಒಂದು ಡಯಟ್ ಇಲ್ಲ, ಯಾವ ಪದ್ಧತಿಯೂ ಇನ್ನೊಂದಕ್ಕಿಂತ ಮೇಲು ಅಂತ ಸಾಬೀತಾಗಿಲ್ಲ. ಹಾಲು ಬಿಡಬೇಕಿಲ್ಲ, ಗೋಧಿ ಬಿಡಬೇಕಿಲ್ಲ. ನೋಡಬೇಕಾದ್ದು ಒಂದೇ ಹೊತ್ತಿಗೆ ಎಷ್ಟು ಪಿಷ್ಟ ಬೀಳ್ತಿದೆ, ಅದರ ಜೊತೆ ಏನಿದೆ ಅಂತ. ಪಿಷ್ಟ ರಾಶಿ ಬಿದ್ದರೆ ಇನ್ಸುಲಿನ್ ರಾಶಿ ಬರುತ್ತೆ. ಹೆಚ್ಚಾದ ಇನ್ಸುಲಿನ್ ಅಂಡಾಶಯಕ್ಕೆ ಗಂಡಸರ ಹಾರ್ಮೋನ್ ಜಾಸ್ತಿ ಮಾಡು ಅಂತ ಒತ್ತುತ್ತೆ, ಆ ಹಾರ್ಮೋನನ್ನ ಹಿಡಿದಿಡೋ ಎಸ್‌ಎಚ್‌ಬಿಜಿ ಅನ್ನೋ ಪ್ರೋಟೀನನ್ನ ಯಕೃತ್ತಿನಲ್ಲಿ ಕಡಿಮೆ ಮಾಡುತ್ತೆ. ಗದ್ದದ ಕೂದಲಿಗೂ ಮುಟ್ಟಿನ ಏರುಪೇರಿಗೂ ತಟ್ಟೆಗೂ ನಂಟು ಇಲ್ಲಿದೆ.

ಮುದ್ದೆ. ‘ರಾಗಿ ಅಂದ್ರೆ ಶುಗರ್ ಇಲ್ಲ’ ಅಂತ ನಮ್ಮಲ್ಲಿ ಗಟ್ಟಿ ನಂಬಿಕೆ. 80 ಗ್ರಾಂ ಹಿಟ್ಟಿನ ಒಂದು ಮುದ್ದೆ ಅಂದರೆ ಹತ್ತಿರ ಹತ್ತಿರ 55 ಗ್ರಾಂ ಪಿಷ್ಟ. ನುಣ್ಣಗೆ ಬೀಸಿ, ಬೇಯಿಸಿ, ಅಗಿಯದೆ ನುಂಗೋದರಿಂದ ಅದು ಬೇಗ ಸಕ್ಕರೆ ಆಗುತ್ತೆ. ಅದರ ಮೇಲೆ ‘ಒಂಚೂರು ಅನ್ನ’ ಬಿತ್ತೋ, ಮುಗೀತು. ಹಾಗಂತ ಮುದ್ದೆ ಬಿಡಿಸಬೇಡಿ. ಸುಣ್ಣದಂಶ, ನಾರು ಅದರಷ್ಟು ಅನ್ನದಲ್ಲಿಲ್ಲ. 60 ಗ್ರಾಂ ಹಿಟ್ಟಿಗೆ ಇಳಿಸಿ, ಅದೇ ಹೊತ್ತಿಗೆ ಅನ್ನ ಬೇಡ.

ಇದಕ್ಕಿಂತ ದೊಡ್ಡ ತಪ್ಪು ಸಾರಿನಲ್ಲಿದೆ. ಮುದ್ದೆ ಅದ್ದಿ ನುಂಗೋದು ಕಟ್ಟಿನಲ್ಲಿ, ಕಾಳು ಪಾತ್ರೆ ತಳದಲ್ಲೇ ಉಳಿಯುತ್ತೆ. ಹುರುಳಿಕಾಳು ಸಾರು ಉಂಡೆವು ಅಂತೀವಿ, ಹುರುಳಿಯ ಪ್ರೋಟೀನ್ ಹೊಟ್ಟೆಗೆ ಹೋಗಿರಲ್ಲ. ಸೌಟನ್ನ ತಳದಿಂದ ಎತ್ತಿ, ಒಂದು ಬಟ್ಟಲು ಕಾಳನ್ನ ಮೊದಲು ತಿಂದು ಆಮೇಲೆ ಮುದ್ದೆಗೆ ಕೈ ಹಾಕಲಿ. ಪಲ್ಯ, ಕೋಸಂಬರಿ, ಕಾಳು ಮೊದಲು, ಮುದ್ದೆ ಅನ್ನ ಕೊನೆಗೆ. ತಿನ್ನೋ ಪದಾರ್ಥ ಅದೇ ಇದ್ದರೂ ಕ್ರಮ ಬದಲಿಸಿದರೆ ಊಟದ ನಂತರದ ಸಕ್ಕರೆ ಕಡಿಮೆ ಏರುತ್ತೆ.

64 ಕೆ.ಜಿ. ಹುಡುಗಿಗೆ ದಿನಕ್ಕೆ 60 ಗ್ರಾಂ ಆಸುಪಾಸು ಪ್ರೋಟೀನ್ ಗುರಿ ಇಟ್ಟುಕೊಳ್ಳಿ. ಮೊಟ್ಟೆ ಇಲ್ಲದೆ ಹೀಗೆ ಬರುತ್ತೆ: ಬೆಳಗ್ಗೆ 80 ಗ್ರಾಂ ಹಿಟ್ಟಿನ ಎರಡು ಜೋಳದ ರೊಟ್ಟಿ (8 ಗ್ರಾಂ), 30 ಗ್ರಾಂ ಹೆಸರುಕಾಳಿನ ಪಲ್ಯ (7). ಮಧ್ಯಾಹ್ನ ಮುದ್ದೆ (4), 40 ಗ್ರಾಂ ಹುರುಳಿ ಕಾಳಿನ ಸಮೇತ (9), ಒಂದು ಬಟ್ಟಲು ಮೊಸರು (5). ಸಂಜೆ ಒಂದು ಹಿಡಿ ಹುರಿದ ಶೇಂಗಾ, 25 ಗ್ರಾಂ (6). ರಾತ್ರಿ 50 ಗ್ರಾಂ ಅಕ್ಕಿಯ ಅನ್ನ ಅಥವಾ ನವಣೆ ಅನ್ನ (4), 30 ಗ್ರಾಂ ತೊಗರಿಬೇಳೆಯ ಗಟ್ಟಿ ಬೇಳೆ (6), 50 ಗ್ರಾಂ ಪನೀರ್ (9). ಹತ್ತಿರ ಬಂತಲ್ಲ. ತೂಕ ಎಲ್ಲ ಬೇಯಿಸೋ ಮುಂಚಿನದು. ಒಂದು ವಾರ ಅಡಿಗೆಮನೆ ತಕ್ಕಡೀಲಿ ತೂಗಿದರೆ ಆಮೇಲೆ ಕೈ ಅಳತೆ ಬಂದುಬಿಡುತ್ತೆ. ಶೇಂಗಾ ಮಾತ್ರ ಹಿಡಿಗೆ ನಿಲ್ಲಿಸಿ, ಚೀಲ ಎದುರಿಗಿಟ್ಟುಕೊಂಡು ಕೂತರೆ 100 ಗ್ರಾಂ ಹೋಗೋದು ಗೊತ್ತಾಗಲ್ಲ, ಅದು 500 ಕ್ಯಾಲೊರಿಗೂ ಮೇಲೆ.

ದಾವಣಗೆರೆಯಲ್ಲಿದ್ದು ಬೆಣ್ಣೆದೋಸೆ ಮಾತಾಡದಿದ್ದರೆ ಹೇಗೆ? ಎಲ್ಲರೂ ಬೈಯೋದು ಬೆಣ್ಣೆಗೆ. ಕ್ಯಾಲೊರಿ ಬೆಣ್ಣೆಯಲ್ಲಿದೆ ನಿಜ, ಆದರೆ ಸಕ್ಕರೆ ಏರಿಸೋದು ಹಿಟ್ಟು: ಅಕ್ಕಿ, ಅದಕ್ಕೆ ಸೇರಿಸಿ ರುಬ್ಬಿದ ಮಂಡಕ್ಕಿ, ಮೇಲೆ ಆಲೂಗಡ್ಡೆ ಪಲ್ಯ. ಪಿಷ್ಟದ ಮೇಲೆ ಪಿಷ್ಟ. ಉದ್ದು ಇರೋದು ಬಹಳ ಕಮ್ಮಿ. ವಾರಕ್ಕೊಮ್ಮೆ ಒಂದು ದೋಸೆ, ಪಲ್ಯ ಬಿಟ್ಟು ಚಟ್ನಿ ಜೊತೆ, ತಿಂದಮೇಲೆ ಹದಿನೈದು ನಿಮಿಷ ನಡಿಗೆ. ನಿಷೇಧ ಹಾಕಿದರೆ ತಿಂಗಳ ಕೊನೆಗೆ ನಾಲ್ಕು ತಿಂದು ಬರ್ತಾರೆ, ಅದಕ್ಕಿಂತ ಇದು ವಾಸಿ.

ಸಂಜೆಯ ಮಂಡಕ್ಕಿ-ಮೆಣಸಿನಕಾಯಿ ಕಷ್ಟದ ಜಾಗ. ಮಂಡಕ್ಕಿ ಹಗುರ, ಹಾಗಾಗಿ ‘ಡಯಟ್’ ಅಂತ ಅಂದುಕೊಳ್ತಾರೆ. ಪ್ರೋಟೀನ್, ನಾರು ಹೆಚ್ಚು ಕಡಿಮೆ ಇಲ್ಲ, ಬೇಗ ಅರಗಿ ಗಂಟೆಯೊಳಗೆ ಮತ್ತೆ ಹಸಿವು. ಒಂದು ಬಟ್ಟಲು ಮಂಡಕ್ಕಿಗೆ ಅಷ್ಟೇ ಮೊಳಕೆ ಹೆಸರುಕಾಳು, ಈರುಳ್ಳಿ, ಸೌತೆಕಾಯಿ, ಒಂದು ಚಮಚ ಗುರೆಳ್ಳು ಪುಡಿ ಕಲಸಿದರೆ ಅದೇ ತಿಂಡಿ ರಾತ್ರಿ ತನಕ ತಡೆಯುತ್ತೆ. ಚಹಾ ಲೆಕ್ಕ ಹಾಕಿ: ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಅಂದರೆ ದಿನಕ್ಕೆ 40 ಗ್ರಾಂ ಸಕ್ಕರೆ. ಬೆಲ್ಲ ಹಾಕಿದರೂ ಲೆಕ್ಕ ಅದೇ, ಬೆಲ್ಲಕ್ಕೆ ವಿನಾಯಿತಿ ಇಲ್ಲ.

ತೂಕ: ಭಾರತೀಯರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 23ರ ಮೇಲೆ ಹೆಚ್ಚು ಅಂತ ಲೆಕ್ಕ, ಇವರದ್ದು 26.6. ಸೊಂಟ 80 ಸೆಂ.ಮೀ. ಒಳಗಿರಬೇಕು. ಟೇಪು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಸುತ್ತಬೇಕು, ಚೂಡಿದಾರದ ಲಾಡಿ ಕಟ್ಟೋ ಜಾಗದಲ್ಲಲ್ಲ. 50 ಕೆ.ಜಿ.ಗೆ ಬರಲೇಬೇಕು ಅಂತಿಲ್ಲ. 5ರಿಂದ 10 ಪರ್ಸೆಂಟ್, ಅಂದರೆ 3ರಿಂದ 6 ಕೆ.ಜಿ. ಇಳಿದರೂ ಎಷ್ಟೋ ಜನರ ಮುಟ್ಟು ದಾರಿಗೆ ಬರುತ್ತೆ. ವಾರಕ್ಕೆ ಅರ್ಧ ಕೆ.ಜಿ.ಗಿಂತ ಅವಸರ ಬೇಡ. ಬರೀ ಹಣ್ಣು, ಬರೀ ಗಂಜಿ ಅಂತ ಹದಿನೈದು ದಿನ ಇದ್ದರೆ ಸ್ನಾಯು ಕರಗಿ ಇನ್ಸುಲಿನ್ ಇನ್ನೂ ಕೆಡುತ್ತೆ, ಕೂದಲೂ ಉದುರುತ್ತೆ. ತೆಳ್ಳಗಿರೋರಿಗೂ ಪಿಸಿಓಎಸ್ ಬರುತ್ತೆ ಅನ್ನೋದು ನೆನಪಿರಲಿ. ಅವರಿಗೆ ‘ತೂಕ ಇಳಿಸು’ ಅನ್ನೋ ಸಲಹೆಯೇ ಅನ್ವಯಿಸಲ್ಲ.

---

ಜೋಗಿಮಟ್ಟಿ_ದಾರಿ, ಚಿತ್ರದುರ್ಗ

ನಡಿಗೆ ಬಗ್ಗೆ ಯಾರೂ ಪೂರ್ತಿ ಹೇಳಲಿಲ್ಲ. ವಾರಕ್ಕೆ 150 ನಿಮಿಷ ಕನಿಷ್ಠ, ತೂಕ ಇಳೀಬೇಕು ಅಂದರೆ 250. ಕುಂದವಾಡ ಕೆರೆ ಏರಿ ಮೇಲೆ ಹರಟುತ್ತಾ ಹೋಗೋದು ಇದರಲ್ಲಿ ಸೇರಲ್ಲ. ಮಾತಾಡಬಹುದು, ಹಾಡೋಕೆ ಉಸಿರು ಸಾಲದು, ಆ ವೇಗ ಇರಲಿ. ಬೇಸಿಗೆಯಲ್ಲಿ ಬಿಸಿಲೇರೋ ಮುಂಚೆ ಮುಗಿಸಿ.

ಬರೀ ನಡಿಗೆ ಸಾಲಲ್ಲ. ಸಕ್ಕರೆ ಹೀರಿಕೊಳ್ಳೋ ದೊಡ್ಡ ಚೀಲ ಅಂದರೆ ತೊಡೆ, ಬೆನ್ನಿನ ಸ್ನಾಯು. ವಾರಕ್ಕೆ ಎರಡು ದಿನ, ನಡುವೆ ಒಂದು ದಿನ ಬಿಟ್ಟು: ಬಸ್ಕಿ 10-12ರಂತೆ ಮೂರು ಸಲ, ಗೋಡೆಗೆ ಕೈಕೊಟ್ಟು ದಂಡ ಅಷ್ಟೇ, ತುಂಬಿದ ಎರಡು ಬಾಟಲಿ ಹಿಡಿದು ಭುಜದ ಮೇಲಕ್ಕೆ ಎತ್ತೋದು ಅಷ್ಟೇ. ಗರಡಿಮನೆ ಇದ್ದ ಊರಿನವರಿಗೆ ಬಸ್ಕಿ ಹೇಳಿಕೊಡಬೇಕಾ? ಮಂಡಿ ಒಳಕ್ಕೆ ಬಾಗಬಾರದು, ಹಿಮ್ಮಡಿ ನೆಲ ಬಿಡಬಾರದು. ನೋವಿದ್ದರೆ ಕುರ್ಚಿ ಮೇಲೆ ಕೂತು ಏಳೋದರಿಂದ ಶುರು ಮಾಡಲಿ. ಹೆಣ್ಣುಮಕ್ಕಳು ಭಾರ ಎತ್ತಿದರೆ ಗಂಡಸರ ಮೈಕಟ್ಟು ಬರುತ್ತೆ ಅನ್ನೋದು ಸುಳ್ಳು, ಪಿಸಿಓಎಸ್ ಇದ್ದರೂ ಸುಳ್ಳೇ.

ಜೋರು ಗೊರಕೆ, ರಾತ್ರಿ ನಿದ್ದೆ ಮಾಡಿದರೂ ಹಗಲು ತೂಕಡಿಕೆ, ವಾರಗಟ್ಟಲೆ ಮನಸ್ಸು ಕುಗ್ಗಿರೋದು ಇದ್ದರೆ ಡಾಕ್ಟರಿಗೆ ಬಾಯಿಬಿಟ್ಟು ಹೇಳಲಿ. ನಿದ್ದೆಯ ತೊಂದರೆ, ಮನಸ್ಸಿನ ಕುಗ್ಗುವಿಕೆ ಎರಡೂ ಪಿಸಿಓಎಸ್ ಜೊತೆ ಹೆಚ್ಚಾಗಿ ಬರುತ್ತೆ, ಸೋಮಾರಿತನ ಅಂತ ಬೈಸಿಕೊಂಡು ಸುಮ್ಮನಾಗ್ತಾರೆ.

---

ವಿದ್ಯಾನಗರ_ಅಕ್ಕ

ಎಲ್ಲರಿಗೂ ಥ್ಯಾಂಕ್ಸ್. ಡಾಕ್ಟರ ಹತ್ರ ನಾಳೆ ಹೋಗ್ತೀವಿ. ಇನ್ನೆರಡು ವಿಷಯ. ಗದ್ದದ ಕೂದಲಿಗೆ ಲೇಸರ್ ಮಾಡಿಸಬಹುದಾ? ತಲೆಕೂದಲು ಉದುರುತ್ತೆ ಅಂತ ಅವಳೇ ಬಯೋಟಿನ್ 10 ಮಿ.ಗ್ರಾಂ ಮಾತ್ರೆ ತಗೊಳ್ತಿದ್ದಾಳೆ, ಕುತ್ತಿಗೆಗೆ ಯಾರೋ ಹೇಳಿದ ಬಿಳಿ ಮಾಡೋ ಕ್ರೀಮ್ ಹಚ್ಚುತ್ತಿದ್ದಾಳೆ. ಇದರಿಂದ ಏನಾದ್ರೂ ತೊಂದರೆನಾ?

---

ದುರ್ಗದ_ಔಷಧಿಯಂಗಡಿ

ಕ್ರೀಮ್ ಇವತ್ತೇ ತೋರಿಸಿ. ಟ್ಯೂಬ್ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಅಂತ ಇದ್ದರೆ ಅದು ಸ್ಟೀರಾಯ್ಡ್. ಚರ್ಮ ತೆಳುವಾಗಿ, ರಕ್ತನಾಳ ಕಾಣೋಕೆ ಶುರುವಾಗಿ, ಬಿಟ್ಟಾಗ ಉರಿ ಬರುತ್ತೆ. ಮುಖಕ್ಕೂ ಹಚ್ಚಿದ್ದರೆ ಕೂದಲೂ ಹೆಚ್ಚಬಹುದು. ಬಹಳ ದಿನದಿಂದ ಹಚ್ಚುತ್ತಿದ್ದರೆ ಚರ್ಮದ ಡಾಕ್ಟರನ್ನ ಕೇಳಿಯೇ ಬಿಡಿಸಿ. ಕುತ್ತಿಗೆಯ ಕಪ್ಪನ್ನ ಕಲ್ಲಲ್ಲಿ ಉಜ್ಜಿದರೆ ಇನ್ನೂ ದಪ್ಪ ಆಗುತ್ತೆ. ಇನ್ಸುಲಿನ್ ಇಳಿದರೆ ಅದು ನಿಧಾನಕ್ಕೆ ತಿಳಿಯಾಗುತ್ತೆ.

ಲೇಸರ್ ಮಾಡಿಸಬಹುದು, ಆದರೆ ಹಾರ್ಮೋನಿಗೆ ಚಿಕಿತ್ಸೆ ಇಲ್ಲದೆ ಬರೀ ಲೇಸರ್ ಮಾಡಿಸಿದರೆ ಕೂದಲು ಮತ್ತೆ ಬರುತ್ತೆ. ನಮ್ಮ ಬಣ್ಣದ ಚರ್ಮಕ್ಕೆ ಎನ್‌ಡಿ-ಯಾಗ್ ಅನ್ನೋ ಬಗೆ ಸುಟ್ಟ ಕಲೆ ಬೀಳಿಸೋದು ಕಡಿಮೆ, ಯಾವ ಯಂತ್ರ ಅಂತ ಮೊದಲೇ ಕೇಳಿ. ಆರೆಂಟು ಸಲವಾದರೂ ಹೋಗಬೇಕಾಗುತ್ತೆ. ಬಿಳಿ ಕೂದಲಿಗೆ, ತೀರಾ ನವಿರು ಕೂದಲಿಗೆ ಕೆಲಸ ಮಾಡಲ್ಲ. ಗದ್ದದ ಅಂಚಿನ ನವಿರು ಕೂದಲ ಮೇಲೆ ಹೊಡೆಸಿದರೆ ಕೆಲವರಿಗೆ ತಿರುಗಿ ದಪ್ಪ ಆಗಿ ಬರೋದೂ ಇದೆ. ಅಲ್ಲೀತನಕ ಥ್ರೆಡಿಂಗ್ ಆಗಲಿ, ಬ್ಲೇಡ್ ಆಗಲಿ ತೊಂದರೆಯಿಲ್ಲ, ಬ್ಲೇಡ್ ಹಾಕಿದರೆ ಕೂದಲು ದಪ್ಪ ಆಗಲ್ಲ. ತುದಿ ಚಪ್ಪಟೆ ಕತ್ತರಿಸಿರೋದರಿಂದ ಕೈಗೆ ಒರಟಾಗಿ ಸಿಗುತ್ತೆ ಅಷ್ಟೇ.

ಡಾಕ್ಟ್ರು ಗರ್ಭನಿರೋಧಕ ಮಾತ್ರೆ ಬರೆದರೆ ‘ಮದುವೆಯಾಗದ ಹುಡುಗಿಗೆ ಯಾಕೆ’ ಅಂತ ಮನೇಲಿ ಗಲಾಟೆ ಆಗೋದು ಮಾಮೂಲು. ಇಲ್ಲಿ ಅದು ಗಂಡಸರ ಹಾರ್ಮೋನ್ ಇಳಿಸೋಕೆ, ಒಳಪದರ ಕಾಯೋಕೆ. ಬರೆಸಿಕೊಳ್ಳೋ ಮುಂಚೆ ಬಿಪಿ ನೋಡಿಸಿ. ಕಣ್ಣೆದುರು ಮಿಂಚು ಬಂದು ಹಿಂದೆಯೇ ಬರೋ ಅರೆತಲೆನೋವು, ತನಗಾಗಲಿ ಒಡಹುಟ್ಟಿದವರಿಗೆ, ಅಪ್ಪ ಅಮ್ಮನಿಗಾಗಲಿ ಕಾಲಿನ ರಕ್ತ ಹೆಪ್ಪುಗಟ್ಟಿದ್ದು ಇದ್ದರೆ ಹೇಳಲೇಬೇಕು. ಕೂದಲಿನ ಮೇಲೆ ಪರಿಣಾಮ ಕಾಣೋಕೆ ಆರು ತಿಂಗಳು ಹಿಡಿಯುತ್ತೆ. ಮಾತ್ರೆ ನುಂಗುತ್ತಿರುವಾಗ ಒಂದು ಮೀನಖಂಡ ಮಾತ್ರ ಊದಿ ನೋವು, ಎದೆನೋವು, ಹಠಾತ್ ಉಸಿರುಗಟ್ಟಿದರೆ ಅವತ್ತೇ ಆಸ್ಪತ್ರೆಗೆ.

---

ಲ್ಯಾಬ್_ಕಿಟಕಿ

ಬಯೋಟಿನ್ ವಿಷಯ ಕೇಳಿದ್ದು ಒಳ್ಳೇದಾಯ್ತು. ಇಂಥ ಡೋಸ್‌ನಲ್ಲಿ ಅದು ಹಲವು ಯಂತ್ರಗಳ ಹಾರ್ಮೋನ್ ಪರೀಕ್ಷೆಯನ್ನೇ ಕೆಡಿಸುತ್ತೆ. ಥೈರಾಯ್ಡ್ ಪರೀಕ್ಷೆಯ ಟಿಎಸ್‌ಎಚ್ ಇರೋದಕ್ಕಿಂತ ಕಡಿಮೆ, ಟೆಸ್ಟೋಸ್ಟಿರಾನ್ ಇರೋದಕ್ಕಿಂತ ಹೆಚ್ಚು ಬರಬಹುದು. ಥೈರಾಯ್ಡ್ ನಾರ್ಮಲ್ ಅಂದಿರಲ್ಲ, ಆ ರಕ್ತ ಕೊಟ್ಟಾಗ ಬಯೋಟಿನ್ ತಗೊಳ್ತಿದ್ದಳಾ ಕೇಳಿ. ಹೌದು ಅಂದರೆ ಟಿಎಸ್‌ಎಚ್ ಕೂಡ ಮತ್ತೆ ಮಾಡಿಸಬೇಕು.

ಮೂರು ದಿನವಾದರೂ ನಿಲ್ಲಿಸಿರಬೇಕು. ಪ್ರೊಜೆಸ್ಟರಾನ್ ಮಾತ್ರೆ ಶುರು ಮಾಡೋ ದಿನವೇ ಬಯೋಟಿನ್ ನಿಲ್ಲಿಸಿಬಿಟ್ಟರೆ ಸ್ರಾವ ಬರೋ ಹೊತ್ತಿಗೆ ಮೈಯಿಂದ ಪೂರ್ತಿ ಹೋಗಿರುತ್ತೆ. ರಕ್ತ ಕೊಡುವಾಗ ಚೀಟಿ ಮೇಲೆ ಸ್ರಾವದ ಎಷ್ಟನೇ ದಿನ, ಯಾವ ಮಾತ್ರೆ ಯಾವತ್ತು ನಿಲ್ಲಿಸಿದ್ದು ಅಂತ ಬರೆಸಿ. ಕೌಂಟರಲ್ಲಿ ಕೇಳಲ್ಲ, ನೀವೇ ಹೇಳಬೇಕು.